ನೀರಿನೊಳಗಿನ ಗುಲ್‌ಮೊಹರ್ ಕೆಸರಾಗುತ್ತಿತ್ತು

ಮೇ ತಿಂಗಳಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ಕುಳಿತು ಗುಲ್‌ಮೊಹರ್ ಮರವನ್ನು ಜಲವರ್ಣದಲ್ಲಿ ಬಿಡಿಸುತ್ತಿದ್ದೆ. ಮರ ಚೆನ್ನಾಗಿಯೇ ಮೂಡುತ್ತಿತ್ತು. ಪ್ರತಿಬಿಂಬ ಮಾತ್ರ ಪ್ರತಿ ಸಲವೂ ಕಂದು ಕೆಸರಾಗುತ್ತಿತ್ತು. ಮೂರು ಹಾಳೆ ಕೆಟ್ಟ ಮೇಲೆ ಕಾರಣ ಹೊಳೆಯಿತು: ಕೆಂಪು, ಹಸಿರು ವಿರುದ್ಧ ವರ್ಣಗಳು, ಹಸಿಯಾಗಿರುವಾಗ ಬೆರೆತರೆ ಎರಡೂ ಕಳೆಗುಂದುತ್ತವೆ. ಈಗ ಮೊದಲು ಕೆಂಪನ್ನು ಮೇಲಿನಿಂದ ಕೆಳಕ್ಕೆ ಎಳೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಹಸಿರನ್ನು ಪಕ್ಕದಲ್ಲಿ ಇಡುತ್ತೇನೆ.

ಇನ್ನೊಂದು ತಪ್ಪೂ ಇತ್ತು. ಪ್ರತಿಬಿಂಬಕ್ಕೂ ಮರದಷ್ಟೇ ಹೊಳಪು ಕೊಡುತ್ತಿದ್ದೆ. ನೀರಿನಲ್ಲಿ ಹೆಚ್ಚು ಕಾಣುವುದು ಕೊಂಬೆಗಳ ಅಡಿಭಾಗ. ಅಲ್ಲಿ ಬಿಸಿಲು ಕಡಿಮೆ. ಕೆಂಪಿಗೆ ತುಸು ನೀಲಿ ಬೆರೆಸಿ ಗಾಢವಾಗಿಸಿದೆ. ಕೊನೆಗೆ ಒದ್ದೆಯಾದ ಚಪ್ಪಟೆ ಕುಂಚದಿಂದ ಒಂದೆರಡು ಅಡ್ಡಗೆರೆಯಷ್ಟು ಬಣ್ಣ ತೆಗೆದಾಗ, ಆಹಾ, ಕೆರೆಯ ನೀರು ಅಲುಗಿದಂತಾಯಿತು!