ಮೆಣಸಿನಪುಡಿ ಘಟಕದ ದುಡ್ಡು ಎಲ್ಲಿ ಸೋರುತ್ತದೆ, ಹೇಗೆ ತಡೆಯುವುದು

ಸಣ್ಣ ಮಸಾಲೆ ಘಟಕದವರು ದೊಡ್ಡ ಬ್ರ್ಯಾಂಡ್‌ಗಳ ಜೊತೆ ಎಂಆರ್‌ಪಿಯಲ್ಲಿ ಗುದ್ದಾಡಲು ಹೋಗುತ್ತಾರೆ. ಪ್ಯಾಕೆಟ್ ಮೇಲೆ ಐದು ರೂಪಾಯಿ ಇಳಿಸುವುದು ಸುಲಭ. ಆ ಐದು ರೂಪಾಯಿ ಮೆಣಸಿನಕಾಯಿ ಕೊಳ್ಳುವಾಗಲೇ ಉಳಿದಿರಬೇಕು, ಅಂಗಡಿಯಲ್ಲಿ ಹುಟ್ಟುವುದಿಲ್ಲ.

ಮೊದಲು ಖರೀದಿ. ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್ ನಡೆಯುತ್ತದೆ, ಹೊಸ ವರ್ಷ ಶುರುವಾದ ಮೇಲೆ ಆವಕ ಜೋರಾಗುತ್ತದೆ. ಬ್ಯಾಡಗಿ ಕಾಯಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ, ಎರಡಕ್ಕೂ ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರ ಬೇಕೆಂದರೆ ಗುಂಟೂರು ಕಡೆಯ ಕಾಯಿ ಸೇರಿಸಿ. ನಿಮ್ಮ ಮಿಶ್ರಣವನ್ನು ಬರೆದಿಡಿ, ಪ್ರತಿ ಬ್ಯಾಚೂ ಅದೇ ಅಳತೆಯಲ್ಲಿ ಆಗಲಿ. ಸಲಕ್ಕೊಂದು ಬಣ್ಣ ಬಂದರೆ ಗಿರಾಕಿ ಎರಡನೇ ಸಲ ಕೊಳ್ಳುವುದಿಲ್ಲ.

ಲಾಟ್ ನೋಡುವಾಗ ಕ್ವಿಂಟಾಲ್ ರೇಟನ್ನೇ ನೋಡಿ ಕೂರಬೇಡಿ, ತೇವ ಅಳೆಯಿರಿ. ಒಂದು ಲೆಕ್ಕ ಹೇಳುತ್ತೇನೆ. ಕಿಲೋಗೆ 200 ರೂಪಾಯಿಯಂತೆ 100 ಕಿಲೋ ತಂದಿರಿ, ತೇವ ಶೇ. 14 ಇದೆ ಎಂದುಕೊಳ್ಳಿ. ಶೇ. 10ಕ್ಕೆ ಒಣಗಿಸಿದರೆ ಉಳಿಯುವುದು ಸುಮಾರು 95.5 ಕಿಲೋ. ತೊಟ್ಟು, ಕಸ, ಬಿಳಿಗಾಯಿ ಅಂತ ಇನ್ನೊಂದು 5 ಕಿಲೋ ಹೋಯಿತು. ಈಗ ನಿಮ್ಮ ಕಾಯಿಯ ನಿಜವಾದ ಬೆಲೆ 221 ರೂಪಾಯಿ! ಪಕ್ಕದ ಲಾಟ್ 210 ಇದ್ದರೂ ಚೆನ್ನಾಗಿ ಒಣಗಿ, ತೊಟ್ಟು ತೆಗೆದು ಬಂದಿದ್ದರೆ ಅದೇ ಅಗ್ಗ. ತೇವದ ಕಾಯಿ ಗೋದಾಮಿನಲ್ಲಿ ಬೂಸ್ಟು ಹಿಡಿಯುತ್ತದೆ, ಬೂಸ್ಟಿನ ಜೊತೆ ಅಫ್ಲಾಟಾಕ್ಸಿನ್ ಎಂಬ ವಿಷ ಬರಬಹುದು, ಬಂದರೆ ರಫ್ತು ಮಾಡುವ ಆಸೆಯಿದ್ದರೆ ಅಲ್ಲಿಗೇ ಮುಗಿಯಿತು.

ಇಡೀ ವರ್ಷದ ಕಾಯಿ ಒಂದೇ ದಿನ ಕೊಳ್ಳಬೇಡಿ. 2024ರ ಮಾರ್ಚ್‌ನಲ್ಲಿ ಬೆಲೆ ದಿಢೀರ್ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದದ್ದು ನೆನಪಿದೆ ಅಲ್ವಾ? ಅದಕ್ಕೆ ಸ್ವಲ್ಪ ಮುಂಚೆ ವರ್ಷದ ಸರಕು ತುಂಬಿಸಿಕೊಂಡವರ ಕಥೆ ಯೋಚಿಸಿ. ಸೀಸನ್‌ನಲ್ಲಿ ನಾಲ್ಕೈದು ಕಂತಿನಲ್ಲಿ ಕೊಂಡರೆ ಸರಾಸರಿ ಬೆಲೆ ಸಿಗುತ್ತದೆ. ಆರೇಳು ತಿಂಗಳಿಗೆ ಬೇಕಾದ್ದನ್ನು ಕೋಲ್ಡ್ ಸ್ಟೋರೇಜ್‌ಗೆ ಹಾಕಿ, ಹೊರಗಿಟ್ಟರೆ ಬೇಸಿಗೆಗೇ ಬಣ್ಣ ಇಳಿಯುತ್ತದೆ. ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಕಾಯಿಯ ಬೆಲೆಗೆ ಸೇರಿಸಿ. ಬಡ್ಡಿಯನ್ನು ಬಹಳ ಜನ ಮರೆಯುತ್ತಾರೆ.

ಪೌಚ್ ವಿಷಯ ಚಿಕ್ಕದು. ಮಾರಾಟ ಗಟ್ಟಿಯಾಗುವ ತನಕ ಸಾದಾ ಪೌಚ್‌ಗೆ ಸ್ಟಿಕ್ಕರ್ ಸಾಕು. ಪ್ರಿಂಟ್ ಮಾಡಿಸಿದ ರಾಶಿ ಪೌಚ್, ಲೇಬಲ್ ನಿಯಮ ಬದಲಾದ ದಿನ ರದ್ದಿ.

ಬ್ಯಾಚ್ ನಂಬರ್ ಸುಮ್ನೆ ಹಾಕುವುದಲ್ಲ. ಪ್ಯಾಕೆಟ್ ಮೇಲಿನ ನಂಬರ್ ನೋಡಿದರೆ ಯಾವ ಲಾಟ್, ಯಾವ ದಿನ ಬೀಸಿದ್ದು, ಯಾವ ಅಂಗಡಿಗೆ ಹೋಯಿತು ಎಂದು ಹತ್ತು ನಿಮಿಷದಲ್ಲಿ ಗೊತ್ತಾಗಬೇಕು. ಇದಕ್ಕೆ ಒಂದು ನೋಟ್‌ಬುಕ್ ಸಾಕು, ಸಾಫ್ಟ್‌ವೇರ್ ಮಾರಲು ಬರುವವರು ಕಾಯಲಿ. ದೂರು ಬಂದರೆ ಒಂದೇ ಬ್ಯಾಚ್ ವಾಪಸ್ ತರಿಸಬಹುದು, ಇಲ್ಲದಿದ್ದರೆ ಇಡೀ ತಿಂಗಳ ಮಾಲು.

ಕೊನೆಗೆ ಉದ್ರಿ. ರೈತನಿಗೂ ದಲ್ಲಾಳಿಗೂ ತಕ್ಷಣ ದುಡ್ಡು ಕೊಟ್ಟು, ಸೂಪರ್‌ಮಾರ್ಕೆಟ್‌ಗೆ ಮೂರು ತಿಂಗಳು ಉದ್ರಿ ಕೊಟ್ಟರೆ ಲಾಭ ಕಾಗದದ ಮೇಲೆ ಮಾತ್ರ. ಸಣ್ಣ ಉದ್ದಿಮೆಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಸಣ್ಣ ತಯಾರಕರಿಗೆ ಒಪ್ಪಂದ ಇದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. ತಡವಾದರೆ ಚಕ್ರಬಡ್ಡಿ. ಮೇಲಾಗಿ, ಗಡುವು ಮೀರಿದ ಬಾಕಿಯನ್ನು ನಿಮಗೆ ಕೊಡುವ ತನಕ ಕೊಂಡವರು ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರನ್ನೂ ಹಣ ಕೊಡಬೇಕಾದ ತಾರೀಖನ್ನೂ ದಪ್ಪ ಅಕ್ಷರದಲ್ಲಿ ಹಾಕಿ, ಅವರ ಅಕೌಂಟೆಂಟ್ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ.