ಕೋಡಿಯ ಎರಡು ಆವೃತ್ತಿಗಳ ಧ್ವನಿ ಹೋಲಿಸಿ ನೋಡಿದ್ದು: ನನ್ನ ಅನುಭವ

"ಹೊಸ ಕೋಡಿ ಹಾಕಿದ ಮೇಲೆ ದನಿ ತೆಳ್ಳಗಾಗಿದೆ, ಹಳೆಯದೇ ಚೆನ್ನಾಗಿತ್ತು" ಎಂಬ ಮಾತನ್ನು ಇಲ್ಲಿ ಕಲಬುರಗಿಯ ಗೆಳೆಯರಿಂದ ಆಗಾಗ ಕೇಳುತ್ತೇನೆ. ಕೋಡಿ ಎಂದರೆ ಹಾಡು, ಸಿನಿಮಾ ನುಡಿಸುವ ಉಚಿತ ತಂತ್ರಾಂಶ. ಕಿವಿಗೆ ಕೆಲಸ ಕೊಡುವ ಮೊದಲು ನಾನು ಮೀಟರ್ ಮತ್ತು ರೆಕಾರ್ಡಿಂಗ್ ಹಿಡಿದು ನೋಡುತ್ತೇನೆ. ಹಾಗೆ ನೋಡಿದಾಗ ವ್ಯತ್ಯಾಸಕ್ಕೆ ಕಾರಣ ಆವೃತ್ತಿಯಲ್ಲ, ಸೆಟ್ಟಿಂಗ್ ಎಂಬುದೇ ಹೆಚ್ಚಾಗಿ ಗೊತ್ತಾಗುತ್ತದೆ.

ನನ್ನ ಜೋಡಣೆ ಸರಳ. ಒಂದೇ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್), ಎರಡು ಎಸ್‌ಡಿ ಕಾರ್ಡ್. ಒಂದರಲ್ಲಿ ಕೋಡಿ 20 ಇರುವ ಲಿಬ್ರೆಎಲೆಕ್ 11 (ಕೋಡಿ ಓಡಿಸಲೆಂದೇ ಮಾಡಿದ ಪುಟ್ಟ ಆಪರೇಟಿಂಗ್ ಸಿಸ್ಟಮ್), ಇನ್ನೊಂದರಲ್ಲಿ ಕೋಡಿ 21 ಇರುವ ಲಿಬ್ರೆಎಲೆಕ್ 12. ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಧ್ವನಿಯನ್ನು ಅನಲಾಗ್ ಸಂಕೇತವಾಗಿಸುವ ಪೆಟ್ಟಿಗೆ), ಆಂಪ್ಲಿಫೈಯರ್, ಕೇಬಲ್ ಎಲ್ಲವೂ ಅವೇ. ಹಳೆಯದರ ಮೇಲೆಯೇ ಅಪ್‌ಡೇಟ್ ಮಾಡಿದರೆ ಎಂದೋ ಬದಲಿಸಿ ಮರೆತ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ಆದ್ದರಿಂದ ಎರಡೂ ಕಾರ್ಡಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಸೆಟ್ಟಿಂಗ್‌ಗಳನ್ನು ಕೈಯಾರೆ ಒಂದೇ ರೀತಿ ಇಡುತ್ತೇನೆ: ಔಟ್‌ಪುಟ್ ಕಾನ್ಫಿಗರೇಶನ್ 'ಬೆಸ್ಟ್ ಮ್ಯಾಚ್', ಕೋಡಿಯ ವಾಲ್ಯೂಮ್ 100, ರಿಪ್ಲೇಗೇನ್ (ಹಾಡುಗಳ ಜೋರನ್ನು ತಾನೇ ಸಮಮಾಡುವುದು) ಇಲ್ಲ, ಸ್ಟೀರಿಯೋ ಅಪ್‌ಮಿಕ್ಸ್ (ಎರಡು ಚಾನೆಲ್ಲನ್ನು ಹೆಚ್ಚು ಸ್ಪೀಕರಿಗೆ ಹರಡುವುದು) ಆಫ್, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆ ಮುಂದಿನದರೊಳಗೆ ಬೆರೆಯುವುದು) ಸೊನ್ನೆ. ವಾಲ್ಯೂಮ್ 100ಕ್ಕಿಂತ ಇಳಿಸಿದರೆ ಕೋಡಿ ಪ್ರತಿ ಸ್ಯಾಂಪಲ್ಲನ್ನೂ (ಧ್ವನಿಯ ಒಂದೊಂದು ಕ್ಷಣದ ಅಳತೆ) ಗುಣಿಸಿ ಬದಲಿಸುತ್ತದೆ. ಔಟ್‌ಪುಟ್ ಕಾನ್ಫಿಗರೇಶನ್ 'ಫಿಕ್ಸ್‌ಡ್' ಇಟ್ಟರೆ ಎಲ್ಲ ಹಾಡುಗಳೂ ಒಂದೇ ಸ್ಯಾಂಪಲ್ ರೇಟಿಗೆ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬ ಲೆಕ್ಕ) ಮಾರ್ಪಡುತ್ತವೆ.

ಹಾಡು ಓಡುತ್ತಿರುವಾಗಲೇ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಪೈಗೆ ಆದೇಶ ಕೊಡುವ ದಾರಿ) ಮೂಲಕ ಒಳಹೋಗಿ, ಪ್ರಾಕ್ ಫೋಲ್ಡರಿನ ಅಸೌಂಡ್ ವಿಭಾಗದಲ್ಲಿ ಆ ಡ್ಯಾಕ್‌ನ ಎಚ್‌ಡಬ್ಲ್ಯೂ-ಪ್ಯಾರಮ್ಸ್ (hw_params) ಫೈಲ್ ತೆರೆಯುತ್ತೇನೆ, ಡ್ಯಾಕ್‌ಗೆ ಆ ಹೊತ್ತು ಯಾವ ರೇಟ್ ಹೋಗುತ್ತಿದೆ ಎಂಬುದು ಅದರಲ್ಲಿ ಕಾಣುತ್ತದೆ. ಸಿಡಿಯಿಂದ ತೆಗೆದ ಹಾಡಿಗೆ ರೇಟ್ 44100 ಎಂದಿರಬೇಕು. 48000 ಕಂಡರೆ ನಡುವೆ ಎಲ್ಲೋ ರೀಸ್ಯಾಂಪಲ್ (ರೇಟ್ ಬದಲಾವಣೆ) ಆಗುತ್ತಿದೆ ಎಂದರ್ಥ, ಅದು ಸರಿಯಾಗುವವರೆಗೆ ಹೋಲಿಕೆ ಶುರುಮಾಡುವುದಿಲ್ಲ. ಫಾರ್ಮ್ಯಾಟ್ 32 ಬಿಟ್ ಎಂದು ತೋರಿಸಿದರೆ ಚಿಂತೆ ಬೇಡ. 16 ಬಿಟ್ಟಿನ ಹಾಡಿಗೆ ಕೆಳಗೆ ಸೊನ್ನೆ ಸೇರಿಸಿರುತ್ತದೆ, ಅಷ್ಟೇ.

ಆಮೇಲೆ ಧ್ವನಿಯ ಮಟ್ಟ. ತುಸು ಜೋರಾಗಿದ್ದದ್ದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ, ಆದ್ದರಿಂದ ಎರಡೂ 0.1 ಡೆಸಿಬೆಲ್ ಒಳಗೆ ಸಮ ಇರಲೇಬೇಕು. ಅಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ 100 ಹರ್ಟ್ಸ್ ಸೈನ್ ಟೋನ್ (ಒಂದೇ ಸ್ವರದ ಶುದ್ಧ ನಾದ) ಮಾಡಿ ಎರಡೂ ಕಾರ್ಡಿನಿಂದ ನುಡಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟ್ ಅಳೆಯುತ್ತೇನೆ. ಒಂದು ಸಲ 1.000 ವೋಲ್ಟ್ ಬಂದರೆ ಇನ್ನೊಂದು ಸಲ 1.012 ದಾಟಬಾರದು. ಬಜಾರಿನ ಅಗ್ಗದ ಮೀಟರ್‌ಗಳಲ್ಲಿ ಎಸಿಯ ಕನಿಷ್ಠ ರೇಂಜೇ 200 ವೋಲ್ಟ್ ಇರುತ್ತದೆ, ಅವು ಇದಕ್ಕೆ ಬರುವುದಿಲ್ಲ. 2 ವೋಲ್ಟ್ ರೇಂಜ್ ಇರುವುದೇ ಬೇಕು.

ಮುಖ್ಯ ಪರೀಕ್ಷೆ ಇನ್ನು ಮುಂದೆ. ಡ್ಯಾಕ್‌ನ ಲೈನ್ ಔಟ್‌ನಿಂದ ಲ್ಯಾಪ್‌ಟಾಪಿನ ಆಡಿಯೊ ಇಂಟರ್‌ಫೇಸಿಗೆ (ಧ್ವನಿಯನ್ನು ಕಂಪ್ಯೂಟರಿನೊಳಗೆ ತರುವ ಸಾಧನ) ತಂತಿ ಎಳೆದು 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಹಾಡಿನ ಮೊದಲಿಗೆ ಒಂದು ಚಿಕ್ಕ 'ಟಕ್' ಸದ್ದು ಸೇರಿಸಿರುತ್ತೇನೆ, ಟ್ರ್ಯಾಕುಗಳನ್ನು ಒಂದರ ಕೆಳಗೊಂದು ಹೊಂದಿಸಲು ಅದೇ ಗುರುತು. ಒಂದನ್ನು ಇನ್‌ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ) ಎರಡನ್ನೂ ಮಿಕ್ಸ್ ಮಾಡಿದರೆ ಸಮಾನವಾದದ್ದೆಲ್ಲ ಕಳೆದುಹೋಗಿ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಇಲ್ಲಿ ಎಡವುವವರೇ ಹೆಚ್ಚು. ಒಂದೇ ಒಂದು ಸ್ಯಾಂಪಲ್, ಅಂದರೆ ಸುಮಾರು 21 ಮೈಕ್ರೋಸೆಕೆಂಡ್, ಆಚೀಚೆ ಆದರೂ 1 ಕಿಲೋಹರ್ಟ್ಸ್‌ನಲ್ಲಿ ಮೈನಸ್ 18 ಡೆಸಿಬೆಲ್‌ನಷ್ಟು ಉಳಿಕೆ ಬರುತ್ತದೆ. 10 ಕಿಲೋಹರ್ಟ್ಸ್‌ನಲ್ಲಂತೂ ಕಳೆಯುವ ಬದಲು ಮೂಲಕ್ಕಿಂತ ಜೋರಾಗುತ್ತದೆ. ಅದನ್ನು ಆವೃತ್ತಿಯ ವ್ಯತ್ಯಾಸ ಎಂದುಕೊಂಡರೆ ದಾರಿ ತಪ್ಪಿದಂತೆಯೇ. ರೆಕಾರ್ಡಿಂಗ್‌ಗಳನ್ನು 192 ಕಿಲೋಹರ್ಟ್ಸ್‌ಗೆ ಏರಿಸಿಕೊಂಡು ಜೋಡಿಸಿದರೆ ಹೊಂದಾಣಿಕೆ ಇನ್ನೂ ನಿಖರ.

ಡ್ಯಾಕ್‌ನ ಕ್ಲಾಕ್ (ಸ್ಯಾಂಪಲ್‌ಗಳ ಲಯ ಇಡುವ ಗಡಿಯಾರ) ಮತ್ತು ಇಂಟರ್‌ಫೇಸಿನ ಕ್ಲಾಕ್ ಬೇರೆಬೇರೆ, ಹಾಗಾಗಿ ಉಳಿಕೆ ಎಂದೂ ಪೂರ್ತಿ ಸೊನ್ನೆಯಾಗದು. ಅದಕ್ಕೇ ಕೋಡಿ 20ನ್ನು ಎರಡು ಸಲ ರೆಕಾರ್ಡ್ ಮಾಡಿ, ಅದನ್ನು ಅದರಿಂದಲೇ ಕಳೆಯುತ್ತೇನೆ. ಆ ಉಳಿಕೆಯೇ ನನ್ನ ಅಳತೆಗೋಲು. 20ರಿಂದ 21ನ್ನು ಕಳೆದಾಗಲೂ ಅಷ್ಟೇ ಉಳಿದರೆ ಎರಡರ ಧ್ವನಿಯೂ ಒಂದೇ. ಮೇಲಿನ ಸೆಟ್ಟಿಂಗ್‌ಗಳಲ್ಲಿ ಸ್ಟೀರಿಯೋ ಹಾಡುಗಳಿಗೆ ನನಗೆ ಸಿಕ್ಕ ಫಲಿತಾಂಶ ಇದೇ.

ಕಿವಿಯಿಂದಲೂ ನೋಡಬೇಕೆನ್ನುವವರು ಕಾರ್ಡ್ ಬದಲಿಸುತ್ತಾ ಕೇಳಬಾರದು, ಪೈ ಮತ್ತೆ ಏಳುವಷ್ಟರಲ್ಲಿ ಮೊದಲ ಧ್ವನಿಯ ನೆನಪು ಮಸುಕಾಗಿರುತ್ತದೆ. ಆ ಎರಡು ರೆಕಾರ್ಡಿಂಗ್‌ಗಳನ್ನೇ ಫೂಬಾರ್ 2000 ಎಂಬ ಪ್ಲೇಯರಿನ ಎಬಿಎಕ್ಸ್ ಪರೀಕ್ಷೆಗೆ (ಎಕ್ಸ್ ಎಂಬುದು ಎ-ಯೋ ಬಿ-ಯೋ ಎಂದು ಹೆಸರು ಕಾಣದೆ ಕೇಳಿಯೇ ಗುರುತಿಸುವುದು) ಹಾಕಿ. 16 ಸುತ್ತಿನಲ್ಲಿ ಕನಿಷ್ಠ 12 ಸರಿ ಬಂದರೆ ಮಾತ್ರ ನಂಬಿ, ಬರೀ ಊಹೆಯಿಂದ ಅಷ್ಟು ಬರುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ತಂಬೂರಿ ಹಿಮ್ಮೇಳದ ವಚನ ಗಾಯನ ಇದಕ್ಕೆ ಒಳ್ಳೆಯದು. ಎಡೆಬಿಡದ ನಾದದಲ್ಲಿ ಸಣ್ಣ ಕಡಿತವೂ ಅಡಗಲಾರದು. ಕೂಲರ್, ಫ್ಯಾನ್ ಆಫ್ ಮಾಡಿ. ಶಹಾಬಾದ್ ಪರಸಿ (ನೆಲಹಾಸಿನ ಕಲ್ಲು) ಹಾಸಿದ ಕೋಣೆ ಬಹಳ ಮಾರ್ದನಿಸುತ್ತದೆ, ಹೆಡ್‌ಫೋನ್ ಇಲ್ಲದಿದ್ದರೆ ಸ್ಪೀಕರ್ ಮುಂದೆ ದಪ್ಪ ಜಮಖಾನ ಹಾಸಿ.

ಸಿನಿಮಾದಲ್ಲಿ ಮಾತು ಸಣ್ಣಗಾಗಿದೆ ಎಂಬ ದೂರು ಬೇರೆಯೇ. 5.1 ಧ್ವನಿಯನ್ನು (ಆರು ಚಾನೆಲ್ಲಿನದು) ಎರಡು ಸ್ಪೀಕರಿಗೆ ಇಳಿಸುವಾಗ ಮೂಲ ವಾಲ್ಯೂಮ್ ಉಳಿಸಿಕೊಳ್ಳುವ ಆಯ್ಕೆಯೊಂದಿದೆ. ಅದು ಆಫ್ ಇದ್ದರೆ ಒಟ್ಟು ಮಟ್ಟ ತಗ್ಗುತ್ತದೆ, ಆನ್ ಇದ್ದರೆ ಮಟ್ಟ ಉಳಿದು ಮೆಲುದನಿ–ಜೋರುದನಿಗಳ ಅಂತರ ಕುಗ್ಗುತ್ತದೆ. ಒಂದು ಕಾರ್ಡಿನಲ್ಲಿ ಆನ್, ಇನ್ನೊಂದರಲ್ಲಿ ಆಫ್ ಇದ್ದರೆ ಸಾಕು, ಆವೃತ್ತಿಯ ಮೇಲೆ ಅಪವಾದ ಬರುತ್ತದೆ.

ಚಟಪಟ ಸದ್ದು ಬಂದರೆ ಮೊದಲು ಅಡಾಪ್ಟರ್ ನೋಡಿ. ಪೈ 4ಕ್ಕೆ 5.1 ವೋಲ್ಟ್, 3 ಆಂಪಿಯರ್ ಬೇಕು. ಪರದೆಯಲ್ಲಿ ಮಿಂಚಿನ ಗುರುತು ಮೂಡಿದರೆ ವೋಲ್ಟೇಜ್ ಸಾಲುತ್ತಿಲ್ಲ. ಬೇಸಿಗೆಯಲ್ಲಿ ಪೈ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಭಾರದ ವಿಡಿಯೊದಲ್ಲಿ ಧ್ವನಿ ತುಂಡಾಗಲು ಅಷ್ಟು ಸಾಕು, ಹೀಟ್‌ಸಿಂಕ್ ಹಾಕಿ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಆಂಪ್ಲಿಫೈಯರ್ ಗುಂಯ್‌ಗುಡುವುದುಂಟು. ಆಗ ಮಾಡಿದ ರೆಕಾರ್ಡಿಂಗನ್ನು ಹೋಲಿಕೆಗೆ ಬಳಸಬೇಡಿ, ಲೈನ್ ಬಂದ ಮೇಲೆ ಎರಡೂ ಕಾರ್ಡಿನದನ್ನು ಹೊಸದಾಗಿ ಮಾಡಿಕೊಳ್ಳಿ.