ಸ್ಟುಡಿಯೋ ಪ್ರಾಜೆಕ್ಟ್ ಕೈಗೆ ಬಂತಾ? ಮೊದಲು ಸೆಕ್ಷನ್ ಬರೆಯಿರಿ

ಆರ್ಕಿಟೆಕ್ಚರ್ ಅಂದರೆ ಐದು ವರ್ಷ, ಹತ್ತು ಸೆಮಿಸ್ಟರ್. ಇಂಟರ್ನ್‌ಶಿಪ್ ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಸೆಮಿಸ್ಟರ್‌ನಲ್ಲೂ ಡಿಸೈನ್ ಸ್ಟುಡಿಯೋ ಅನ್ನುವ ಪ್ರಾಜೆಕ್ಟ್ ಕ್ಲಾಸ್ ಇರುತ್ತದೆ, ನಿದ್ದೆ ಕೆಡಿಸುವುದೂ ಅದೇ. ಬ್ರೀಫ್, ಅಂದರೆ ಏನು ಕಟ್ಟಬೇಕು ಅನ್ನುವ ವಿವರ, ಕೈಗೆ ಬಂದ ದಿನ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ಪಿನ್‌ಟ್ರೆಸ್ಟ್‌ನಲ್ಲಿ ಚಿತ್ರ ಹುಡುಕುವವರು ಬಹಳ ಮಂದಿ. ಅದೊಂದು ಕೆಲಸ ಬಿಟ್ಟು ಬೇರೆ ಏನು ಮಾಡಿದರೂ ನಡೆಯುತ್ತದೆ. ಬರೆಯಲು ಕೂತಾಗ ಮಾತ್ರ ಪ್ಲ್ಯಾನ್ ಅಲ್ಲ, ಮೊದಲು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದರೆ ಒಳಗೆ ಕಾಣುವ ಚಿತ್ರ.

ಇಲ್ಲಿ ಒಂದು ಪ್ರಾಜೆಕ್ಟ್ ಹಿಡಿದುಕೊಂಡೇ ಹೇಳುತ್ತೇನೆ, ಗಾಳಿಯಲ್ಲಿ ಮಾತಾಡುವುದು ಬೇಡ. ಧಾರವಾಡದ ಸಪ್ತಾಪುರದ ಕಡೆ ಹೋದವರಿಗೆ ಗೊತ್ತು, ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಪರೀಕ್ಷೆ ಬರೆಯಲು ಸುತ್ತಲಿನ ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರೇ ರಸ್ತೆ ತುಂಬ ಇರುತ್ತಾರೆ. ಕೋಚಿಂಗ್ ಸೆಂಟರ್, ಪಿಜಿ, ಜೆರಾಕ್ಸ್ ಅಂಗಡಿ, ರೀಡಿಂಗ್ ರೂಮ್. ಹಾಗಾದರೆ ನಿಮ್ಮ ಬ್ರೀಫ್ ಹೀಗಿದೆ ಅಂದುಕೊಳ್ಳಿ: 20 ಮೀಟರ್‌ಗೆ 30 ಮೀಟರ್ ಸೈಟ್, 120 ಜನ ಕೂತು ಓದುವ ಒಂದು ವಾಚನಾಲಯ, ಎರಡು ಮಹಡಿ, ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರವರೆಗೆ ತೆರೆದಿರಬೇಕು.

ಸೈಟಿಗೆ ಹೋಗಿ, ಬೇರೆ ಬೇರೆ ಹೊತ್ತಿನಲ್ಲಿ

ಎಲ್ಲರೂ ಗುಂಪು ಕಟ್ಟಿಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಫೋಟೋ ಹೊಡೆದುಕೊಂಡು ಗಿರ್ಮಿಟ್ ತಿಂದು ಬರುತ್ತಾರೆ. ಹನ್ನೊಂದು ಗಂಟೆಗೆ ಸೈಟ್ ನಿಮಗೆ ಏನೂ ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ. ರಾತ್ರಿ ಹೋದಾಗ ಬೀದಿ ದೀಪ ಎಲ್ಲಿ ಉರಿಯುತ್ತದೆ, ಎಲ್ಲಿ ಕತ್ತಲೆ, ಓದು ಮುಗಿಸಿದ ಹುಡುಗಿ ಪಿಜಿಗೆ ಯಾವ ದಾರಿಯಲ್ಲಿ ನಡೆದು ಹೋಗುತ್ತಾಳೆ ನೋಡಿ. ನಿಮ್ಮ ಗೇಟ್ ಎಲ್ಲಿ ಬರಬೇಕು ಅನ್ನುವುದು ಅಲ್ಲೇ ಅರ್ಧ ತೀರ್ಮಾನವಾಗುತ್ತದೆ.

ಟೇಪು, ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್ ಸಾಕು. ಮರ ಇದ್ದರೆ ಕಾಂಡದ ಜಾಗ ಮಾತ್ರ ಗುರುತಿಸಬೇಡಿ, ಕೊಂಬೆ ಎಲ್ಲಿಯವರೆಗೆ ಚಾಚಿದೆ ಅದನ್ನೂ ಹೆಜ್ಜೆ ಹಾಕಿ ಅಳೆಯಿರಿ. ಗಟಾರ, ಲೈಟ್ ಕಂಬ, ಟ್ರಾನ್ಸ್‌ಫಾರ್ಮರ್, ಪಕ್ಕದ ಮನೆಯ ಕಿಟಕಿ, ಚಹಾದ ಅಂಗಡಿ ಎಲ್ಲ ಬರೆದುಕೊಳ್ಳಿ. ಧಾರವಾಡದಲ್ಲಿ ಸಪಾಟಾದ ಸೈಟ್ ಸಿಗುವುದು ಅಪರೂಪ. ಇಳಿಜಾರು ಅಳೆಯಲು ಸರ್ವೆ ಮಷಿನ್ ಬೇಕಿಲ್ಲ. ಗೌಂಡಿಗಳು ನೀರು ತುಂಬಿದ ಪ್ಲಾಸ್ಟಿಕ್ ಪೈಪ್ ಹಿಡಿದು ಲೆವೆಲ್ ನೋಡುತ್ತಾರಲ್ಲ, ಒಬ್ಬ ಗೆಳೆಯನನ್ನು ಕರೆದುಕೊಂಡು ಹಾಗೇ ಮಾಡಿ.

ಮಣ್ಣು ಕೂಡ ನೋಡಿ. ಧಾರವಾಡದ ಗುಡ್ಡದ ಕಡೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಗದಗದ ಕಡೆ ಹೋದರೆ ಎರೆ ಭೂಮಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಅದರ ಜೊತೆಗೆ ಗೋಡೆಯೂ ಬಿರಿಯುತ್ತದೆ. ಅಂಥ ಕಡೆ ಸಾಮಾನ್ಯ ಫುಟಿಂಗ್ (ಅಡಿಪಾಯ) ಬರೆದುಕೊಂಡು ಹೋದರೆ ಜ್ಯೂರಿಯಲ್ಲಿ, ಅಂದರೆ ಕೊನೆಗೆ ಪರೀಕ್ಷಕರ ಮುಂದೆ ಪ್ರಾಜೆಕ್ಟ್ ಒಪ್ಪಿಸುವಾಗ, ಮೊದಲ ಪ್ರಶ್ನೆಯೇ ಅದು.

ಸೆಟ್‌ಬ್ಯಾಕ್, ಎಫ್‌ಎಆರ್ ಬಗ್ಗೆ, ಅಂದರೆ ಸುತ್ತ ಎಷ್ಟು ಜಾಗ ಖಾಲಿ ಬಿಡಬೇಕು, ಸೈಟಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಅನ್ನುವುದರ ಬಗ್ಗೆ, ಜಾಸ್ತಿ ಹೇಳುವುದಿಲ್ಲ. ಹುಡಾದ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರದ) ವಲಯ ನಿಯಮಗಳಲ್ಲಿ ಇರುತ್ತವೆ. ಮೊದಲ ವಾರವೇ ಸೈಟ್ ಪ್ಲ್ಯಾನ್ ಮೇಲೆ ಗೆರೆ ಎಳೆದು ಗೋಡೆಗೆ ಅಂಟಿಸಿ, ಮುಗೀತು.

ಕೂತವರನ್ನು ನೋಡಿ

ನಾನು ಜ್ಯೂರಿಯಲ್ಲಿ ಕೂತಾಗ ಮೊದಲು ಹುಡುಕುವುದು ಇದನ್ನೇ: ಈ ಕಟ್ಟಡದಲ್ಲಿ ಇರುವವರನ್ನು ಈ ಹುಡುಗ ನಿಜವಾಗಲೂ ನೋಡಿದ್ದಾನಾ? ಈಗಿರುವ ಒಂದು ರೀಡಿಂಗ್ ರೂಮಿಗೆ ಹೋಗಿ, ಕೇಳಿಕೊಂಡು ಅರ್ಧ ದಿನ ಸುಮ್ನೆ ಕೂತುಕೊಳ್ಳಿ. ಕಿಟಕಿ ಪಕ್ಕದ ಸಾಲು ಖಾಲಿ ಇರುತ್ತದೆ, ಯಾಕೆ ಅಂತ ಕೇಳಿದರೆ ಉತ್ತರ ತಯಾರಿರುತ್ತದೆ: "ಮೂರರ ಮ್ಯಾಲೆ ಅಲ್ಲಿ ಯಾರೂ ಕೂಡಂಗಿಲ್ರೀ ಸರ, ಬಿಸಿಲು ಸೀದಾ ಪುಸ್ತಕದ ಮ್ಯಾಲೆ ಬೀಳತೈತಿ." ಈ ಒಂದು ಮಾತು ನಿಮ್ಮ ಇಡೀ ಪ್ರಾಜೆಕ್ಟಿಗೆ ಸಾಕು.

ಬಾಗಿಲ ಹತ್ತಿರ ಚಪ್ಪಲಿ ನೋಡಿ. 120 ಜನ ಅಂದರೆ 120 ಜೊತೆ ಚಪ್ಪಲಿ. ಒಂದು ಜೊತೆಗೆ 25 ಸೆಂಟಿಮೀಟರ್ ಅಗಲ ಬೇಕು. ಐದು ಅಂತಸ್ತಿನ ಗೂಡು ಮಾಡಿದರೂ ಸಾಲಿಗೆ 24 ಜೊತೆ, ಅಂದರೆ ಆರು ಮೀಟರ್ ಉದ್ದ. ಮಳೆಗಾಲದಲ್ಲಿ ಅದರ ಪಕ್ಕದಲ್ಲೇ ಒದ್ದೆ ಛತ್ರಿ, ಜರ್ಕಿನ್. ಈ ಆರು ಮೀಟರನ್ನು ಪ್ಲ್ಯಾನ್‌ನಲ್ಲಿ ತೋರಿಸಿದವರನ್ನು ನಾನು ಕಂಡೇ ಇಲ್ಲ. ಎಲ್ಲರೂ 'ಫಾಯರ್' (ಬಾಗಿಲ ಒಳಗಿನ ಹಜಾರ) ಅಂತ ಬರೆದು ಒಂದು ಗಿಡದ ಕುಂಡ ಇಡುತ್ತಾರೆ.

ಇನ್ನು ಊಟ. ಊರಿಂದ ಬಂದ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಯಲ್ಲಿ ತಂದಿರುತ್ತಾರೆ, ಎಲ್ಲಿ ಕೂತು ತಿನ್ನಬೇಕು? ಮನೆಯಿಂದ ಫೋನ್ ಬಂದರೆ ಎಲ್ಲಿ ಹೋಗಿ ಮಾತಾಡಬೇಕು? ಜೋರಾಗಿ ಓದಿಕೊಂಡರೇ ತಲೆಗೆ ಹೋಗುವವರು ಇರುತ್ತಾರೆ, ಇಬ್ಬರು ಮೂವರು ಸೇರಿ ಪ್ರಶ್ನೆ ಕೇಳಿಕೊಳ್ಳುವವರು ಇರುತ್ತಾರೆ. ಹಾಗಾಗಿ ಸದ್ದಿಲ್ಲದ ಒಂದು ಹಾಲ್ ಮಾಡಿದರೆ ಸಾಲದು, ಸದ್ದು ಮಾಡಲು ಒಂದು ಜಾಗ ಬೇಕು. ನಮ್ಮ ಕಡೆ ಹಳೇ ಮನೆಗಳ ಮುಂದೆ ಇರುವ ಕಟ್ಟೆ ಇದೇ ಕೆಲಸ ಮಾಡುತ್ತದೆ, ಒಳಗೂ ಅಲ್ಲ, ಪೂರ್ತಿ ಹೊರಗೂ ಅಲ್ಲ. ಅದನ್ನು ಅಳೆದುಕೊಂಡು ಬನ್ನಿ.

ಕಾನ್ಸೆಪ್ಟ್ ಅನ್ನುವ ತಲೆನೋವು

"ಸರ್, ನನ್ನ ಕಾನ್ಸೆಪ್ಟ್ ತೆರೆದ ಪುಸ್ತಕ." ವಾಚನಾಲಯ ಅಂದರೆ ಕ್ಲಾಸಿನಲ್ಲಿ ನಾಲ್ಕು ಜನ ಪುಸ್ತಕದ ಆಕಾರದ ಚಾವಣಿ ಬರೆಯುತ್ತಾರೆ. ಧಾರವಾಡ ಅಂತ ಪೇಢೆ ಆಕಾರದ ದುಂಡು ಪ್ಲ್ಯಾನ್ ತಂದರೂ ಆಶ್ಚರ್ಯವಿಲ್ಲ. ಆಕಾಶದಿಂದ ನೋಡಿದರೆ ಪೇಢೆ, ಸರಿ, ಒಳಗೆ ಕೂತವನಿಗೆ ಏನು ಸಿಕ್ಕಿತು?

ಕಾನ್ಸೆಪ್ಟ್ ಅನ್ನು ಒಂದು ಪ್ರಶ್ನೆಯಾಗಿ ಬರೆಯಿರಿ. 'ದಿನಕ್ಕೆ ಹನ್ನೆರಡು ತಾಸು ಒಂದೇ ಕುರ್ಚಿಯಲ್ಲಿ ಕೂರುವವರಿಗೆ, ಕಣ್ಣಿಗೆ ಬಿಸಿಲು ಹೊಡೆಯದೆ ಬೆಳಕು ಹೇಗೆ ಕೊಡುವುದು?' ಇಷ್ಟು ಸಾಕು. ಇದನ್ನು ದೊಡ್ಡದಾಗಿ ಬರೆದು ಟೇಬಲ್ ಮುಂದೆ ಅಂಟಿಸಿ. ಮುಂದೆ ಪ್ರತಿ ಸಲ ಗೊಂದಲ ಆದಾಗ ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು ಅಂತ ಅದೇ ಹೇಳುತ್ತದೆ.

ಕೇಸ್ ಸ್ಟಡಿ ಕೂಡ ಈ ಪ್ರಶ್ನೆ ಹಿಡಿದುಕೊಂಡೇ ಮಾಡಿ. ಅಮೆರಿಕದ ಎಕ್ಸೆಟರ್‌ನಲ್ಲಿ ವಾಸ್ತುಶಿಲ್ಪಿ ಲೂಯಿ ಕಾನ್ ಕಟ್ಟಿದ ಲೈಬ್ರರಿಯಲ್ಲಿ ಪುಸ್ತಕದ ಕಪಾಟುಗಳೆಲ್ಲ ಒಳಗೆ, ಓದುವ ಮೇಜುಗಳು ಹೊರಗಿನ ಗೋಡೆಗುಂಟ. ಪ್ರತಿ ಮೇಜಿಗೂ ಒಂದು ಸಣ್ಣ ಕಿಟಕಿ, ಅದಕ್ಕೆ ಸರಿಸುವ ಮರದ ಬಾಗಿಲು, ಎಷ್ಟು ಬೆಳಕು ಬೇಕು ಅನ್ನುವುದು ಓದುವವನ ಕೈಯಲ್ಲೇ. ಚಿತ್ರ ಕಾಪಿ ಮಾಡಬೇಡಿ, ಅಲ್ಲಿ ಚಳಿ ದೇಶದ ಬಿಸಿಲು. ಆ ಸರಿಸುವ ಬಾಗಿಲಿನ ಉಪಾಯ ಮಾತ್ರ ತೆಗೆದುಕೊಳ್ಳಿ. ಊರಲ್ಲೇ ಇರುವ ಕರ್ನಾಟಕ ಕಾಲೇಜಿನ ಹಳೇ ಕಟ್ಟಡಕ್ಕೂ ಹೋಗಿ ಬನ್ನಿ, ಅದು ಮೊದಲು ರೈಲ್ವೆ ಕಚೇರಿ ಆಗಿತ್ತು. ಕಿಟಕಿ ಹತ್ತಿರ ಗೋಡೆ ಎಷ್ಟು ದಪ್ಪ ಇದೆ ಟೇಪು ಹಿಡಿದು ನೋಡಿ. ದಪ್ಪ ಗೋಡೆ ತಾನೇ ಒಂದು ಛಜ್ಜಾ, ಕಿಟಕಿಯ ಮೇಲೆ ನೆರಳಿಗೆ ಚಾಚಿದ ಚಪ್ಪಡಿ ಇದ್ದ ಹಾಗೆ.

ಈಗ ಸೆಕ್ಷನ್

ಎಲ್ಲರೂ ಪ್ಲ್ಯಾನ್ ಮುಗಿಸಿ, ಕೊನೆಯ ರಾತ್ರಿ ಸೆಕ್ಷನ್ ಕತ್ತರಿಸುತ್ತಾರೆ. ತಿರುಗಿಸಿ ಮಾಡಿ. ಬೆಳಕು, ಗಾಳಿ, ಮಳೆ ಮೂರೂ ಸೆಕ್ಷನ್‌ನಲ್ಲೇ ಕಾಣುವುದು. ಪ್ಲ್ಯಾನ್ ನೋಡಿದರೆ ಕಿಟಕಿ ಎಲ್ಲಿದೆ ಗೊತ್ತಾಗುತ್ತದೆ, ಬಿಸಿಲು ಎಲ್ಲಿಯವರೆಗೆ ಬರುತ್ತದೆ ಗೊತ್ತಾಗುವುದಿಲ್ಲ.

ಟ್ರೇಸಿಂಗ್ ಪೇಪರ್ ಮೇಲೆ 1:50 ಸ್ಕೇಲಿನಲ್ಲಿ ಒಂದು ಕೋಣೆ, ಒಂದು ಕಿಟಕಿ, ಒಂದು ಮೇಜು, ಕೂತ ಒಬ್ಬ ಮನುಷ್ಯ. ಅಷ್ಟೇ. ಈಗ ಬಿಸಿಲಿನ ಕೋನ ಹಾಕಿ. ಧಾರವಾಡ ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾರ್ಚ್ 21ಕ್ಕೆ ಸುಮಾರು 75 ಡಿಗ್ರಿ. ಜೂನ್ 21ಕ್ಕೆ 82 ಡಿಗ್ರಿ, ಆದರೆ ಆಗ ಅವನು ಉತ್ತರದ ಕಡೆ ಇರುತ್ತಾನೆ! ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ. 'ಉತ್ತರದ ಬೆಳಕಿನಲ್ಲಿ ಬಿಸಿಲೇ ಇರುವುದಿಲ್ಲ' ಅನ್ನುವುದು ದೂರದ ದೇಶಗಳ ಪುಸ್ತಕದ ಮಾತು, ಅದನ್ನು ಹಾಗೇ ಶೀಟ್ ಮೇಲೆ ಬರೆಯಬೇಡಿ. ಮೇ ತಿಂಗಳ ಬೆಳಿಗ್ಗೆ, ಸಂಜೆಯ ಇಳಿಬಿಸಿಲು ಉತ್ತರದ ಕಿಟಕಿಗೂ ಓರೆಯಾಗಿ ಬೀಳುತ್ತದೆ, ಎರಡೂ ಪಕ್ಕಕ್ಕೆ ಒಂದೊಂದು ಫಿನ್, ಅಂದರೆ ನೆಟ್ಟಗೆ ನಿಲ್ಲಿಸಿದ ತೆಳು ಹಲಗೆ, ಸಾಕು ಅದನ್ನು ತಡೆಯಲು.

ದಕ್ಷಿಣದ ಕಿಟಕಿ ಲೆಕ್ಕ ಹಾಕೋಣ. ಕಿಟಕಿ ಎತ್ತರ ಒಂದೂವರೆ ಮೀಟರ್, ಅದರ ತಲೆಗೇ 60 ಸೆಂಟಿಮೀಟರ್ ಛಜ್ಜಾ. ಡಿಸೆಂಬರ್ ಮಧ್ಯಾಹ್ನ 51 ಡಿಗ್ರಿ ಗೆರೆ ಎಳೆದರೆ ನೆರಳು ಸುಮಾರು 74 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ, ಅಂದರೆ ಅರ್ಧ ಕಿಟಕಿ ಬಿಸಿಲಿಗೆ. ಪೂರ್ತಿ ನೆರಳು ಬೇಕಾದರೆ ಛಜ್ಜಾ 1.2 ಮೀಟರ್ ಆಗಬೇಕು. ಅದರ ಬದಲು ಕಿಟಕಿಯನ್ನೇ ಎರಡು ತುಂಡು ಮಾಡಿ ನಡುವೆ ಇನ್ನೊಂದು ಛಜ್ಜಾ ಹಾಕಬಹುದು. ಆ ನಡುವಿನ ಛಜ್ಜಾದ ಮೇಲ್ಮೈಗೆ ಬಿಳಿ ಬಣ್ಣ ಹೊಡೆದರೆ ಅದಕ್ಕೆ ಬಡಿದ ಬೆಳಕು ಒಳಗಿನ ಚಾವಣಿಗೆ ಹಾರಿ ಹಾಲ್ ಒಳಗಿನವರೆಗೂ ಹೋಗುತ್ತದೆ.

ಪಶ್ಚಿಮಕ್ಕೆ ಯಾವ ಛಜ್ಜಾ ಹಾಕಿದರೂ ಉಪಯೋಗ ಇಲ್ಲ, ನಾಲ್ಕು ಗಂಟೆಯ ಸೂರ್ಯ ಛಜ್ಜಾದ ಕೆಳಗಿನಿಂದ ನುಗ್ಗುತ್ತಾನೆ. ಮುಂಗಾರಿನ ಗಾಳಿಮಳೆ ಬಡಿಯುವುದೂ ಅದೇ ದಿಕ್ಕಿನಿಂದ. ಆ ಕಡೆಗೆ ಮೆಟ್ಟಿಲು, ಶೌಚಾಲಯ, ಸ್ಟೋರ್ ಇಟ್ಟುಬಿಡಿ. ಖಾಲಿ ಬಿದ್ದ ಸಾಲಿನ ಬಗ್ಗೆ ರೀಡಿಂಗ್ ರೂಮಿನ ಹುಡುಗ ಹೇಳಿದ ಸಮಸ್ಯೆ ಅರ್ಧ ಇಲ್ಲೇ ಮುಗಿಯಿತು ನೋಡಿ.

ಮೇಲಿನ ಮಹಡಿಗೆ ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿ ನೆನಪಿರಲಿ. ಕಿಟಕಿ ಇಲ್ಲದ ನಡುಮನೆಗೆ ಮೇಲಿನಿಂದ ಒಂದು ಸಣ್ಣ ಕಿಂಡಿ ಎಷ್ಟು ಬೆಳಕು ಕೊಡುತ್ತದೆ ಅಲ್ವಾ. ಹಾಗಂತ ಚಾವಣಿಗೆ ದೊಡ್ಡ ಗಾಜು ಹಾಕಿಬಿಟ್ಟರೆ ಏಪ್ರಿಲ್‌ನಲ್ಲಿ ಒಳಗೆ ಕೂರಲು ಆಗುವುದಿಲ್ಲ. ಕಿಂಡಿ ಸಣ್ಣದಿರಲಿ, ಆಳ ಇರಲಿ, ಬೆಳಕು ಅದರ ಗೋಡೆಗೆ ಬಡಿದು ಇಳಿಯಲಿ.

ಮೇಜಿನಿಂದ ಪ್ಲ್ಯಾನ್

ಸೆಕ್ಷನ್ ಒಂದು ಹದಕ್ಕೆ ಬಂದ ಮೇಲೆ ಪ್ಲ್ಯಾನ್ ಬೇಗ ಕೂಡುತ್ತದೆ. ಓದುವ ಒಬ್ಬರಿಗೆ 90 ಸೆಂಟಿಮೀಟರ್ ಉದ್ದ, 60 ಅಗಲದ ಮೇಜು. ಎದುರುಬದುರು ಕೂತರೆ ಮೇಜಿನ ಅಗಲ 1.2 ಮೀಟರ್. ಎರಡು ಸಾಲಿನ ನಡುವೆ ಕುರ್ಚಿ, ಓಡಾಟ ಸೇರಿ 1.8 ಬಿಟ್ಟರೆ ಸಾಲಿನಿಂದ ಸಾಲಿಗೆ ಮೂರು ಮೀಟರ್. ಎರಡು ಸಾಲಿಗೆ ಆರು ಮೀಟರ್, ಅದೇ ನಿಮ್ಮ ಕಾಲಮ್ ಗ್ರಿಡ್, ಅಂದರೆ ಕಂಬದಿಂದ ಕಂಬಕ್ಕೆ ಇರುವ ಅಂತರ. ಹೀಗೆ ಮಾಡಿದರೆ ಮೇಜಿನ ನಡುವೆ ಕಂಬ ಬರುವುದಿಲ್ಲ. ಒಬ್ಬರಿಗೆ ಸುಮಾರು 2.3 ಚದರ ಮೀಟರ್ ಹಿಡಿದರೆ 120 ಜನಕ್ಕೆ 276. ಅದರ ಮೇಲೆ ಮೆಟ್ಟಿಲು, ಶೌಚಾಲಯ, ಓಡಾಟ, ಆ ಚಪ್ಪಲಿ ಗೂಡು.

ಮೆಟ್ಟಿಲಿಗೆ ಜಾಗ ಸಾಲದೆ ಕೊನೆಯಲ್ಲಿ ಒದ್ದಾಡುವುದು ಪ್ರತಿ ವರ್ಷದ ಕತೆ. ಮಹಡಿ ಎತ್ತರ 3.6 ಮೀಟರ್, ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದರೆ 24 ಏರು, ಹನ್ನೆರಡರ ಎರಡು ಫ್ಲೈಟ್. ತುಳಿಯುವ ಅಗಲ 30 ಹಿಡಿದರೆ ಒಂದು ಫ್ಲೈಟ್ 3.3 ಮೀಟರ್, ಎರಡು ತುದಿಗೆ ಒಂದೂವರೆ ಮೀಟರ್ ಲ್ಯಾಂಡಿಂಗ್. ಒಟ್ಟು 6.3. ಪ್ಲಿಂತ್, ಅಂದರೆ ಹೊರಗಿನ ನೆಲಕ್ಕಿಂತ ಒಳಗಿನ ನೆಲದ ಎತ್ತರ, 45 ಸೆಂಟಿಮೀಟರ್ ಇದ್ದರೆ 1:12 ರ‍್ಯಾಂಪ್ 5.4 ಮೀಟರ್ ಉದ್ದ ಬೇಕು, ಅದನ್ನು ಹಿಂದಿನ ಬಾಗಿಲಿಗೆ ತಳ್ಳಬೇಡಿ, ಕಟ್ಟೆಯ ಪಕ್ಕದಲ್ಲೇ ಬರಲಿ.

ಮಾಡೆಲ್ ಬಿಸಿಲಿಗೆ ಇಡಿ

ಕೊನೆಗೆ ತೋರಿಸಲು ಮಾಡುವ ಚೆಂದದ ಮಾಡೆಲ್ ಬೇರೆ. ಮೊದಲೇ ಹಳೇ ರಟ್ಟು, ಫೆವಿಕಾಲ್ ಹಿಡಿದು ಒಂದು ಒರಟು ಮಾಡೆಲ್ ಮಾಡಿ, ಹಾಲ್‌ನ ಒಂದು ಭಾಗ ಸಾಕು. 15 ಡಿಗ್ರಿ ಅಕ್ಷಾಂಶದ ಸನ್‌ಡಯಲ್ ಚಾರ್ಟ್ ಒಂದನ್ನು ಪ್ರಿಂಟ್ ತೆಗೆದು, ಉತ್ತರಕ್ಕೆ ಉತ್ತರ ಹೊಂದಿಸಿ ಮಾಡೆಲ್ ಪಕ್ಕ ಅಂಟಿಸಿ, ಅದರಲ್ಲಿ ಹೇಳಿದಷ್ಟೇ ಎತ್ತರದ ಗುಂಡುಸೂಜಿ ಚುಚ್ಚಿ. ಮಾಡೆಲ್ ಹಿಡಿದು ಹಾಸ್ಟೆಲ್ ಟೆರೇಸ್‌ಗೆ ಹೋಗಿ. ಸೂಜಿಯ ನೆರಳಿನ ತುದಿ 'ಡಿಸೆಂಬರ್, ನಾಲ್ಕು ಗಂಟೆ' ಅನ್ನುವ ಗೆರೆಗೆ ಬರುವವರೆಗೆ ಮಾಡೆಲನ್ನು ವಾಲಿಸಿ. ಒಳಗೆ ಬಿಸಿಲು ಎಲ್ಲಿ ಬಿತ್ತು ಫೋನ್‌ನಲ್ಲಿ ಫೋಟೋ ಹೊಡೆಯಿರಿ. ಆಮೇಲೆ ಮಾರ್ಚ್, ಜೂನ್. ಒಂದೇ ಬೆಳಿಗ್ಗೆಯಲ್ಲಿ ಇಡೀ ವರ್ಷ ನೋಡಬಹುದು, ಯಾವ ಸಾಫ್ಟ್‌ವೇರೂ ಬೇಡ. ಜ್ಯೂರಿಯಲ್ಲಿ ಈ ಫೋಟೋಗಳಿಗೆ ಇರುವ ತೂಕ ಕಂಪ್ಯೂಟರ್‌ನಲ್ಲಿ ಮಾಡಿದ ರೆಂಡರ್‌ಗೆ ಇಲ್ಲ. ಈಗಂತೂ ಎಐ ಹತ್ತು ನಿಮಿಷದಲ್ಲಿ ಚೆಂದದ ಚಿತ್ರ ಕೊಡುತ್ತದೆ, "ಈ ಬೀಮ್ ಯಾವುದರ ಮೇಲೆ ಕೂತಿದೆಯಪ್ಪಾ?" ಅಂತ ಕೇಳಿದರೆ ಮಾತ್ರ ನೀವೇ ಉತ್ತರ ಕೊಡಬೇಕು.

ರಿವ್ಯೂ, ಶೀಟ್, ಜ್ಯೂರಿ

ಮಧ್ಯದ ರಿವ್ಯೂಗಳಲ್ಲಿ ವಾದ ಮಾಡಬೇಡಿ. ಪಕ್ಕದ ಗೆಳೆಯನಿಗೆ ಬರೆದುಕೊಳ್ಳಲು ಹೇಳಿ, ಅವನ ಸರದಿಯಲ್ಲಿ ನೀವು ಬರೆಯಿರಿ. ಬೈಸಿಕೊಳ್ಳುವಾಗ ಅರ್ಧ ಮಾತು ತಲೆಗೆ ಹೋಗಿರುವುದಿಲ್ಲ. ಇಬ್ಬರು ಮೇಷ್ಟ್ರು ಎರಡು ತರಹ ಹೇಳಿದರೆ ಗೋಡೆಗೆ ಅಂಟಿಸಿದ ಪ್ರಶ್ನೆ ನೋಡಿ ತೀರ್ಮಾನಿಸಿ.

ಶೀಟ್‌ನಲ್ಲಿ ದೊಡ್ಡ ಜಾಗ ಸೆಕ್ಷನ್‌ಗೆ ಕೊಡಿ. ಕತ್ತರಿಸಿದ ಗೋಡೆ ದಪ್ಪ ಗೆರೆ, ಹಿಂದೆ ಕಾಣುವುದು ತೆಳು ಗೆರೆ, ಎಲ್ಲ ಒಂದೇ ದಪ್ಪ ಇದ್ದರೆ ಯಾರಿಗೂ ಅರ್ಥ ಆಗುವುದಿಲ್ಲ. ಉತ್ತರದ ಬಾಣ, ಸ್ಕೇಲ್ ಮರೆಯಬೇಡಿ. ಪ್ಲಾಟಿಂಗ್ ಅಂಗಡಿಗೆ ಹಿಂದಿನ ದಿನ ಮಧ್ಯಾಹ್ನವೇ ಹೋಗಿ, ರಾತ್ರಿ ಇಡೀ ಬ್ಯಾಚ್ ಅಲ್ಲೇ ನಿಂತಿರುತ್ತದೆ. ಪಿಡಿಎಫ್ ಮಾಡಿಕೊಂಡೇ ಹೋಗಿ, ಅವರ ಕಂಪ್ಯೂಟರ್‌ನಲ್ಲಿ ಫೈಲ್ ತೆರೆದರೆ ನಿಮ್ಮ ಕನ್ನಡ ಫಾಂಟ್ ಚೌಕಚೌಕ ಆಗಿರುತ್ತದೆ.

ಜ್ಯೂರಿಯಲ್ಲಿ ಇಂಗ್ಲಿಷ್ ತಡವರಿಸುತ್ತದೆ ಅಂತ ಹಳ್ಳಿಯಿಂದ ಬಂದ ಹುಡುಗರು ಹೆದರುತ್ತಾರೆ. ಶುರುವಿನ ಎರಡು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ, ಉಳಿದದ್ದು ಸೆಕ್ಷನ್ ಮೇಲೆ ಬೆರಳಿಟ್ಟು ಹೇಳಿ. ಇಲ್ಲಿ ಕೂತವನಿಗೆ ಇಲ್ಲಿಂದ ಬೆಳಕು, ಇಲ್ಲಿ ಮಳೆ ನಿಲ್ಲುತ್ತದೆ, ಇಲ್ಲಿ ಚಪ್ಪಲಿ. ಕನ್ನಡದಲ್ಲಿ ಹೇಳಲಾ ಸರ್ ಅಂತ ಕೇಳಿದರೆ ನಮ್ಮ ಕಡೆ ಬೇಡ ಅನ್ನುವವರು ಕಡಿಮೆ.

ಮುಗಿದ ದಿನವೇ ಮಾಡೆಲ್‌ನ ಫೋಟೋ ತೆಗೆದಿಡಿ, ಮರುದಿನ ಯಾರೋ ಅದರ ಮೇಲೆ ಬ್ಯಾಗ್ ಇಟ್ಟಿರುತ್ತಾರೆ. ಟ್ರೇಸಿಂಗ್ ಪೇಪರ್‌ಗಳನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಇಂಟರ್ನ್‌ಶಿಪ್ ಕೇಳಿಕೊಂಡು ಬಂದವರಲ್ಲಿ ನಾನಂತೂ ಮೊದಲು ನೋಡುವುದು ಅವನ್ನೇ, ಫೈನಲ್ ಶೀಟ್ ಆಮೇಲೆ.